ರಕ್ತವರದಿಯ ಸೋಡಿಯಂ ಅಂಕಿಯನ್ನು ಓದುವ ಕ್ರಮ: ಮೂತ್ರಪಿಂಡದ ನೀರಿನ ಲೆಕ್ಕ, ಉಪ್ಪಿನ ಲೆಕ್ಕ

ಮನೆಯ ಹಿರಿಯರೊಬ್ಬರಿಗೆ ಸುಸ್ತು, ತಲೆಸುತ್ತು ಎಂದು ರಕ್ತಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ಸೋಡಿಯಂ 128 ಎಂದು ಬಂದಿರುತ್ತದೆ. ಅದರ ಪಕ್ಕದಲ್ಲಿ 135ರಿಂದ 145 ಸಹಜ ಎಂದು ಅಚ್ಚಾಗಿರುತ್ತದೆ. ಸೋಡಿಯಂ ಎಂದರೆ ಉಪ್ಪು, ಉಪ್ಪು ಕಡಿಮೆಯಾಗಿದೆ, ಆದ್ದರಿಂದ ಊಟದಲ್ಲಿ ಉಪ್ಪು ಹೆಚ್ಚಿಸಬೇಕು ಎಂಬ ತೀರ್ಮಾನಕ್ಕೆ ಮನೆಮಂದಿ ಅದೇ ಸಂಜೆ ಬಂದುಬಿಡುತ್ತಾರೆ; ಗಂಜಿಗೊಂದು ಚಿಟಿಕೆ, ಮಜ್ಜಿಗೆಗೊಂದು ಚಿಟಿಕೆ ಹೆಚ್ಚಾಗಿ ಬೀಳತೊಡಗುತ್ತದೆ. ವಾಂತಿ ಭೇದಿಯಿಂದ ಬಳಲಿದವರಿಗೆ ಇದು ಸರಿಯಾದ ದಿಕ್ಕಿನ ಉಪಾಯವೇ ಆಗಿರಬಹುದು. ಆದರೆ ಹೃದಯದ ಅಥವಾ ಯಕೃತ್ತಿನ ಕಾಯಿಲೆಯಿಂದ ಕಾಲು ಊದಿಕೊಂಡವರಿಗೆ, ಅದೇ 128 ಅಂಕಿ ಇದ್ದರೂ, ಇದೇ ಉಪಾಯ ಉಬ್ಬಸ ತಂದು ಆಸ್ಪತ್ರೆಗೆ ಸೇರಿಸಬಲ್ಲದು.

ಒಂದೇ ಅಂಕಿಗೆ ಇಷ್ಟು ವಿರುದ್ಧವಾದ ಅರ್ಥಗಳು ಏಕೆ ಇರುತ್ತವೆ ಎಂಬುದು ಮೂತ್ರಪಿಂಡವು ನೀರನ್ನೂ ಉಪ್ಪನ್ನೂ ನಿಭಾಯಿಸುವ ರೀತಿಯನ್ನು ಅರಿತರೆ ಮಾತ್ರ ತಿಳಿಯುತ್ತದೆ. ಆ ರೀತಿಯನ್ನು ಮೊದಲು ವಿವರಿಸಿ, ಬಳಿಕ ವರದಿಯನ್ನು ಯಾವ ಅನುಕ್ರಮದಲ್ಲಿ ಓದಬೇಕು, ಮನೆಯಲ್ಲಿ ಏನನ್ನು ಅಳೆಯಬೇಕು, ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಇಲ್ಲಿ ಹೇಳಲಾಗಿದೆ. ಮಾತ್ರೆಗಳನ್ನು ನಿಲ್ಲಿಸುವುದು, ಬದಲಿಸುವುದು, ಪ್ರಮಾಣ ಏರಿಸುವುದು ವೈದ್ಯರ ಕೆಲಸ. ಅದಕ್ಕೆ ಈ ಬರಹ ಬದಲಿಯಲ್ಲ.

ಎರಡು ಬೇರೆ ಬೇರೆ ಲೆಕ್ಕಗಳು

ವರದಿಯಲ್ಲಿ ಕಾಣುವ ಸೋಡಿಯಂ ಅಂಕಿಯು ಒಂದು ಲೀಟರ್ ರಕ್ತದ್ರವದಲ್ಲಿ ಎಷ್ಟು ಮಿಲಿಮೋಲ್ (ಕಣಗಳ ಎಣಿಕೆಯ ಒಂದು ಮಾನ) ಸೋಡಿಯಂ ಇದೆ ಎಂಬುದನ್ನು ಹೇಳುತ್ತದೆಯೇ ಹೊರತು, ಇಡೀ ದೇಹದಲ್ಲಿ ಎಷ್ಟು ಸೋಡಿಯಂ ಇದೆ ಎಂಬುದನ್ನು ಹೇಳುವುದಿಲ್ಲ. ಸಾರಿನ ಒಂದು ಹನಿಯನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡಿದರೆ ಉಪ್ಪು ಹದವಾಗಿದೆಯೋ ಇಲ್ಲವೋ ಎಂದು ತಿಳಿಯುತ್ತದೆ, ಪಾತ್ರೆಯಲ್ಲಿ ಎಷ್ಟು ಸಾರಿದೆ ಎಂದು ತಿಳಿಯುವುದಿಲ್ಲ. ಸಪ್ಪೆಯಾದ ಸಾರು ಉಪ್ಪು ಕಡಿಮೆ ಬಿದ್ದದ್ದರಿಂದಲೂ ಸಪ್ಪೆಯಾಗಿರಬಹುದು, ನೀರು ಹೆಚ್ಚು ಸುರಿದದ್ದರಿಂದಲೂ ಸಪ್ಪೆಯಾಗಿರಬಹುದು.

ದೇಹವು ಈ ಎರಡನ್ನೂ ಪ್ರತ್ಯೇಕ ವ್ಯವಸ್ಥೆಗಳಿಂದ ಕಾಯುತ್ತದೆ. ರಕ್ತದ ಸಾಂದ್ರತೆಯನ್ನು, ಅಂದರೆ ಅದರ ಉಪ್ಪಿನ ಹದವನ್ನು, ಮೂತ್ರಪಿಂಡವು ನೀರನ್ನು ಹಿಡಿದೋ ಬಿಟ್ಟೋ ಸರಿಪಡಿಸುತ್ತದೆ. ರಕ್ತ ಮತ್ತು ಜೀವಕೋಶಗಳ ಹೊರಗಿನ ದ್ರವದ ಒಟ್ಟು ಪ್ರಮಾಣವನ್ನು ಸೋಡಿಯಂ ಹಿಡಿದೋ ಬಿಟ್ಟೋ ಸರಿಪಡಿಸುತ್ತದೆ. ಆದ್ದರಿಂದ ವರದಿಯ ಸೋಡಿಯಂ ಅಂಕಿ ಏರುಪೇರಾದರೆ ಮೊದಲ ಸಂಶಯ ನೀರಿನ ಮೇಲೆ ಬೀಳಬೇಕು. ದೇಹದಲ್ಲಿ ಉಪ್ಪು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬುದನ್ನು ವರದಿಯಲ್ಲಲ್ಲ, ರೋಗಿಯ ಪಾದದ ಊತದಲ್ಲಿ, ರಕ್ತದೊತ್ತಡದಲ್ಲಿ, ತೂಕದಲ್ಲಿ, ನಾಲಿಗೆಯ ಒಣಗುವಿಕೆಯಲ್ಲಿ ಹುಡುಕಬೇಕು. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಸೋಸುವುದು ಹೆಚ್ಚು, ಬಿಡುವುದು ಅತ್ಯಲ್ಪ

ಎರಡೂ ಮೂತ್ರಪಿಂಡಗಳಲ್ಲಿ ತಲಾ ಸುಮಾರು 10 ಲಕ್ಷ ಸೂಕ್ಷ್ಮ ಸೋಸುನಳಿಕೆಗಳು, ಅಂದರೆ ನೆಫ್ರಾನ್‌ಗಳಿದ್ದು, ಅವುಗಳ ತಲೆಯಲ್ಲಿರುವ ಸೂಕ್ಷ್ಮ ರಕ್ತನಾಳಗಳ ಗೊಂಚಲು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತದೆ. ಈ ದ್ರವದಲ್ಲಿ ಸುಮಾರು 25,000 ಮಿಲಿಮೋಲ್ ಸೋಡಿಯಂ ಇರುತ್ತದೆ. ಅಡುಗೆ ಉಪ್ಪಿನ ಲೆಕ್ಕದಲ್ಲಿ ಅದು ಒಂದೂವರೆ ಕಿಲೋಗ್ರಾಂ ಹತ್ತಿರ. ನಾವು ದಿನಕ್ಕೆ 10 ಗ್ರಾಂ ಉಪ್ಪು ತಿನ್ನುವವರಾದರೆ ಹೊರಹೋಗಬೇಕಾದ ಸೋಡಿಯಂ ಕೇವಲ 170 ಮಿಲಿಮೋಲ್, ಅಂದರೆ ಸೋಸಿದ್ದರಲ್ಲಿ ಶೇಕಡಾ 1ಕ್ಕಿಂತಲೂ ಕಡಿಮೆ. ಉಳಿದ ಶೇಕಡಾ 99ನ್ನು ನೆಫ್ರಾನ್‌ನ ಉದ್ದಕ್ಕೂ ಹಿಂದಕ್ಕೆ ಹೀರಿಕೊಳ್ಳಬೇಕು. ಇಷ್ಟು ದೊಡ್ಡ ಮೊತ್ತವನ್ನು ಸೋಸಿ ಮತ್ತೆ ಹೀರುವುದು ವ್ಯರ್ಥ ಶ್ರಮವೆಂದು ತೋರಬಹುದು. ಆದರೆ ಈ ಏರ್ಪಾಡಿನಿಂದಲೇ ಹೀರಿಕೆಯಲ್ಲಿ ಶೇಕಡಾ 0.5ರಷ್ಟು ಬದಲಾವಣೆ ಮಾಡಿಕೊಂಡು ಮೂತ್ರಪಿಂಡವು ಹಬ್ಬದೂಟಕ್ಕೂ ಉಪವಾಸಕ್ಕೂ ಹೊಂದಿಕೊಳ್ಳುತ್ತದೆ.

ಹೀರಿಕೆಯು ಹಂತ ಹಂತವಾಗಿ ನಡೆಯುತ್ತದೆ. ಮೊದಲ ಭಾಗದ ನಳಿಕೆಯಲ್ಲಿ ಸೋಡಿಯಂನ ಮೂರನೇ ಎರಡು ಪಾಲು, ಅದರ ಜೊತೆಯಲ್ಲಿ ಅಷ್ಟೇ ಪಾಲು ನೀರು ಹಿಂದಿರುಗುತ್ತದೆ. ಮಧುಮೇಹಕ್ಕೆ ಈಗ ಬಹಳವಾಗಿ ಬರೆಯಲಾಗುತ್ತಿರುವ ಡಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಗಳು ಕೆಲಸ ಮಾಡುವುದು ಇಲ್ಲಿ. ಅದರ ಮುಂದೆ ಕೆಳಗಿಳಿದು ಮತ್ತೆ ಮೇಲೇರುವ ಹೆನ್ಲೆಯ ಕುಣಿಕೆಯ ಏರುಭಾಗದಲ್ಲಿ ಸುಮಾರು ಶೇಕಡಾ 25 ಸೋಡಿಯಂ ಹಿಂದಿರುಗುತ್ತದೆ, ಆದರೆ ಅಲ್ಲಿನ ಗೋಡೆಯಲ್ಲಿ ನೀರು ಹಾಯುವುದಿಲ್ಲ. ಹಾಗಾಗಿ ಒಳಗೆ ಉಳಿದ ದ್ರವ ತೆಳುವಾಗುತ್ತದೆ, ಹೊರಗಿನ ಅಂಗಾಂಶ ಗಾಢವಾಗುತ್ತದೆ. ಫ್ಯೂರೋಸಮೈಡ್, ಟಾರ್ಸಮೈಡ್ ಎಂಬ 'ನೀರು ಹೋಗುವ ಮಾತ್ರೆ'ಗಳು ಈ ಹಂತವನ್ನು ತಡೆಯುತ್ತವೆ. ಆ ಬಳಿಕದ ನಳಿಕೆಯಲ್ಲಿ ಸುಮಾರು ಶೇಕಡಾ 5 ಹೀರಿಕೆಯಾಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್, ಇಂಡಪಮೈಡ್ ಎಂಬ ಥಯಾಜೈಡ್ ಗುಂಪಿನ ಮಾತ್ರೆಗಳ ಸ್ಥಳ ಅದು. ಕೊನೆಯ ಸಂಗ್ರಾಹಕ ನಳಿಕೆಯಲ್ಲಿ ಉಳಿದ ಕೆಲವೇ ಪ್ರತಿಶತದ ತೀರ್ಮಾನವಾಗುತ್ತದೆ, ಮತ್ತು ದಿನದಿನದ ಹೆಚ್ಚುಕಡಿಮೆಯನ್ನು ಹಾರ್ಮೋನುಗಳು ಸರಿದೂಗಿಸುವುದು ಮುಖ್ಯವಾಗಿ ಇಲ್ಲಿಯೇ.

ನೀರನ್ನು ಕಾಯುವ ಬಗೆ

ಮೆದುಳಿನ ಹೈಪೋಥಲಾಮಸ್ ಭಾಗದಲ್ಲಿ ರಕ್ತದ ಸಾಂದ್ರತೆಯನ್ನು ಗ್ರಹಿಸುವ ಜೀವಕೋಶಗಳಿವೆ. ಸಾಂದ್ರತೆ ಶೇಕಡಾ 1ರಿಂದ 2ರಷ್ಟು ಏರಿದರೆ ಸಾಕು, ಅವು ಬಾಯಾರಿಕೆಯನ್ನು ಹುಟ್ಟಿಸುತ್ತವೆ ಮತ್ತು ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ವ್ಯಾಸೊಪ್ರೆಸಿನ್ ಹಾರ್ಮೋನ್ ಬಿಡುಗಡೆಯಾಗುವಂತೆ ಮಾಡುತ್ತವೆ. ಈ ಹಾರ್ಮೋನ್ ಮೂತ್ರಪಿಂಡವನ್ನು ತಲುಪಿದಾಗ ಸಂಗ್ರಾಹಕ ನಳಿಕೆಯ ಗೋಡೆಗೆ ಅಕ್ವಾಪೊರಿನ್ ಎಂಬ ಪ್ರೋಟೀನಿನ ನೀರುದ್ವಾರಗಳು ಬಂದು ಕೂರುತ್ತವೆ, ಹೊರಗಿನ ಗಾಢ ಅಂಗಾಂಶವು ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಮೂತ್ರ ಗಟ್ಟಿಯಾಗಿ ಹಳದಿಯಾಗುತ್ತದೆ. ನೀರು ಸಾಕಷ್ಟಾದಾಗ ಹಾರ್ಮೋನ್ ಇಳಿಯುತ್ತದೆ, ದ್ವಾರಗಳು ಗೋಡೆಯಿಂದ ಒಳಕ್ಕೆ ಸರಿಯುತ್ತವೆ, ಮೂತ್ರ ನೀರಿನಂತೆ ತೆಳುವಾಗುತ್ತದೆ. ಈ ದ್ವಾರಗಳನ್ನು ಕಂಡುಹಿಡಿದದ್ದಕ್ಕಾಗಿ ಅಮೆರಿಕದ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು.

ಆರೋಗ್ಯವಂತ ಯುವಕರಲ್ಲಿ ಮೂತ್ರದ ಸಾಂದ್ರತೆಯು ಕಿಲೋಗ್ರಾಮಿಗೆ 50 ಮಿಲಿಆಸ್ಮೋಲ್‌ನಿಂದ 1,200ರವರೆಗೆ ಬದಲಾಗಬಲ್ಲದು. ಮಿಲಿಆಸ್ಮೋಲ್ ಎಂದರೆ ಕರಗಿದ ಕಣಗಳ ಎಣಿಕೆಯ ಮಾನ. ಇಲ್ಲೊಂದು ಲೆಕ್ಕವನ್ನು ಮಾಡಿ ನೋಡುವುದು ಉಪಯುಕ್ತ. ಸಾಮಾನ್ಯ ಊಟ ಮಾಡುವವರ ದೇಹದಿಂದ ದಿನಕ್ಕೆ ಯೂರಿಯಾ, ಲವಣ ಎಲ್ಲ ಸೇರಿ ಸುಮಾರು 600 ಮಿಲಿಆಸ್ಮೋಲ್ ಕರಗಿದ ವಸ್ತು ಹೊರಹೋಗಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ಅತಿ ಗಾಢವಾದ ಮೂತ್ರದಲ್ಲಿ ಅದನ್ನು ಕಳುಹಿಸಲು 600ನ್ನು 1,200ರಿಂದ ಭಾಗಿಸಿದಾಗ ಬರುವ ಅರ್ಧ ಲೀಟರ್ ಮೂತ್ರ ಸಾಕು. ಅದಕ್ಕಿಂತ ಕಡಿಮೆಯಾದರೆ ಕಶ್ಮಲ ಒಳಗೇ ಉಳಿಯುತ್ತದೆ. ಅತಿ ತೆಳುವಾದ ಮೂತ್ರವಾದರೆ 600ನ್ನು 50ರಿಂದ ಭಾಗಿಸಬೇಕು, 12 ಲೀಟರ್ ಆಗುತ್ತದೆ. ಅಷ್ಟು ನೀರನ್ನು ಮೂತ್ರಪಿಂಡ ದಿನವಿಡೀ ಹೊರಹಾಕಬಲ್ಲದು ಎಂದರೆ, ಸಹಜ ಸ್ಥಿತಿಯಲ್ಲಿ ನೀರು ಕುಡಿದೇ ಸೋಡಿಯಂ ಇಳಿಸಿಕೊಳ್ಳುವುದು ಕಷ್ಟ.

ಆದರೆ ಈ ಸಾಮರ್ಥ್ಯವು ಊಟವನ್ನು ಅವಲಂಬಿಸಿದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಹಲ್ಲಿಲ್ಲವೆಂದೋ ಜೀರ್ಣವಾಗುವುದಿಲ್ಲವೆಂದೋ ಬೇಳೆ, ಮೊಟ್ಟೆ, ಮೊಸರು ಬಿಟ್ಟು ತಿಳಿಗಂಜಿ, ಕಾಫಿ, ಬ್ರೆಡ್ಡಿನಲ್ಲೇ ದಿನ ಕಳೆಯುವ ವೃದ್ಧರಲ್ಲಿ ಹೊರಹೋಗಬೇಕಾದ ಕರಗಿದ ವಸ್ತು 250 ಮಿಲಿಆಸ್ಮೋಲ್‌ಗೆ ಇಳಿದಿದೆ ಎನ್ನಿ. ವಯಸ್ಸಿನಿಂದಾಗಿ ಅವರ ಮೂತ್ರ 50ರ ಬದಲು 125ರಷ್ಟು ಮಾತ್ರ ತೆಳುವಾಗುತ್ತದೆ ಎನ್ನಿ. 250ನ್ನು 125ರಿಂದ ಭಾಗಿಸಿದರೆ ಅವರು ದಿನಕ್ಕೆ ಹೊರಹಾಕಬಲ್ಲದ್ದು ಎರಡೇ ಲೀಟರ್. ಅವರಿಗೆ 'ಕಿಡ್ನಿ ಶುದ್ಧವಾಗಲಿ' ಎಂದು ಮೂರು ಲೀಟರ್ ನೀರು, ಅದರ ಮೇಲೆ ಬಾರ್ಲಿ ನೀರು ಕುಡಿಸಿದರೆ, ಹೊರಹೋಗಲಾರದ ನೀರು ರಕ್ತವನ್ನು ತೆಳುವಾಗಿಸುತ್ತದೆ. ಹೆಚ್ಚು ನೀರು ಕುಡಿದಷ್ಟೂ ಮೂತ್ರಪಿಂಡ ತೊಳೆಯಲ್ಪಡುತ್ತದೆ ಎಂಬ ನಂಬಿಕೆಯನ್ನು ಎಲ್ಲರಿಗೂ ಒಂದೇ ಸಮನೆ ಅನ್ವಯಿಸುವುದು ನನ್ನ ದೃಷ್ಟಿಯಲ್ಲಿ ಅಪಾಯಕಾರಿ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವ ಯುವಕನಿಗೆ ಹೇಳುವ ಮಾತನ್ನು ಎಂಬತ್ತರ ಅಜ್ಜಿಗೆ ಹೇಳಬಾರದು.

ಉಪ್ಪನ್ನು ಕಾಯುವ ಬಗೆ, ಮತ್ತು ಎರಡೂ ಕಾವಲುಗಳ ಜಗಳ

ರಕ್ತದ ಪ್ರಮಾಣ ಕುಗ್ಗಿದಾಗ ಮೂತ್ರಪಿಂಡಕ್ಕೆ ಬರುವ ಒತ್ತಡ ಇಳಿಯುತ್ತದೆ, ಅದರಲ್ಲಿರುವ ವಿಶೇಷ ಜೀವಕೋಶಗಳು ರೆನಿನ್ ಎಂಬ ಕಿಣ್ವವನ್ನು ಸ್ರವಿಸುತ್ತವೆ. ರೆನಿನ್‌ನಿಂದ ಮೊದಲ್ಗೊಂಡ ಸರಪಳಿಯಲ್ಲಿ ಆಂಜಿಯೊಟೆನ್ಸಿನ್ ತಯಾರಾಗಿ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಅದರ ಪ್ರಚೋದನೆಯಿಂದ ಅಡ್ರಿನಲ್ ಗ್ರಂಥಿಯು ಅಲ್ಡೊಸ್ಟೀರೋನ್ ಬಿಟ್ಟು, ಸಂಗ್ರಾಹಕ ನಳಿಕೆಯಲ್ಲಿ ಸೋಡಿಯಂ ಹಿಡಿದು ಪೊಟ್ಯಾಸಿಯಂ ಬಿಡುವಂತೆ ಮಾಡುತ್ತದೆ. ರಕ್ತದ ಪ್ರಮಾಣ ಹೆಚ್ಚಾಗಿ ಹೃದಯದ ಮೇಲಿನ ಕೋಣೆಗಳು ಹಿಗ್ಗಿದಾಗ, ಹೃದಯವೇ ಒಂದು ಹಾರ್ಮೋನನ್ನು ಬಿಟ್ಟು ಸೋಡಿಯಂ ಹೊರಹೋಗಲು ದಾರಿಮಾಡುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಮೊದಲಾದ ಮಾತ್ರೆಗಳು ಈ ಸರಪಳಿಯ ಒಂದೊಂದು ಕೊಂಡಿಯನ್ನು ತಡೆಯುವಂಥವು.

ಹಿಡಿದಿಟ್ಟ ಪ್ರತಿ 8 ಗ್ರಾಂ ಉಪ್ಪಿನ ಜೊತೆ ಸುಮಾರು ಒಂದು ಲೀಟರ್ ನೀರೂ ದೇಹದಲ್ಲಿ ಉಳಿಯುತ್ತದೆ, ಏಕೆಂದರೆ ಸಾಂದ್ರತೆಯ ಕಾವಲು ಬಾಯಾರಿಕೆ ಹುಟ್ಟಿಸಿ ಹದವನ್ನು ಕಾಯ್ದುಕೊಳ್ಳುತ್ತದೆ. ಹಾಗಾಗಿ ಉಪ್ಪು ಹೆಚ್ಚು ತಿಂದವರ ವರದಿಯಲ್ಲಿ ಸೋಡಿಯಂ ಸಾಮಾನ್ಯವಾಗಿ 140ರ ಆಸುಪಾಸಿನಲ್ಲೇ ಇರುತ್ತದೆ. ಏರುವುದು ತೂಕ, ಊತ, ರಕ್ತದೊತ್ತಡ. 'ನನ್ನ ಸೋಡಿಯಂ ನಾರ್ಮಲ್ ಇದೆ, ಆದ್ದರಿಂದ ಉಪ್ಪಿನಕಾಯಿ ತಿನ್ನಬಹುದು' ಎಂಬ ವಾದಕ್ಕೆ ಈ ಕಾರಣದಿಂದಲೇ ಬೆಲೆಯಿಲ್ಲ.

ಎರಡೂ ಕಾವಲುಗಳು ಒಂದಕ್ಕೊಂದು ವಿರುದ್ಧವಾದ ಬೇಡಿಕೆ ಇಟ್ಟಾಗ ಏನಾಗುತ್ತದೆ ಎಂಬುದು ಈ ವಿಷಯದ ಹೃದಯಭಾಗ. ರಕ್ತದ ಪ್ರಮಾಣ ಶೇಕಡಾ 8ರಿಂದ 10ರಷ್ಟು ಕುಸಿದರೆ, ರಕ್ತ ಈಗಾಗಲೇ ತೆಳುವಾಗಿದ್ದರೂ ಸರಿ, ವ್ಯಾಸೊಪ್ರೆಸಿನ್ ಬಿಡುಗಡೆಯಾಗುತ್ತದೆ. ಮೆದುಳು ಹದವನ್ನು ಬಿಟ್ಟುಕೊಟ್ಟು ರಕ್ತಪರಿಚಲನೆಯನ್ನು ಉಳಿಸಿಕೊಳ್ಳುತ್ತದೆ. ಹೃದಯ ದುರ್ಬಲವಾದವರಲ್ಲಿಯೂ ಯಕೃತ್ತು ಗಟ್ಟಿಯಾದವರಲ್ಲಿಯೂ ದೇಹದ ತುಂಬ ನೀರಿದ್ದರೂ ಅಪಧಮನಿಗಳು ಸಾಕಷ್ಟು ತುಂಬಿರುವುದಿಲ್ಲ; ಅಪಧಮನಿಗಳಲ್ಲಿನ ಒತ್ತಡವನ್ನಷ್ಟೇ ಅಳೆಯುವ ಕಾವಲುಗಾರರು ಬರಗಾಲ ಬಂದಿದೆಯೆಂದೇ ತಿಳಿದು ಉಪ್ಪನ್ನೂ ನೀರನ್ನೂ ಹಿಡಿಯಲು ಆಜ್ಞೆ ಕೊಡುತ್ತಾರೆ. ಉಪ್ಪಿಗಿಂತ ನೀರು ಹೆಚ್ಚಾಗಿ ಹಿಡಿದಾಗ, ಊದಿದ ಕಾಲು ಮತ್ತು ಇಳಿದ ಸೋಡಿಯಂ ಎರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಇಂಥವರ ದೇಹದಲ್ಲಿ ಸೋಡಿಯಂ ನಿಜವಾಗಿ ಹೆಚ್ಚಾಗಿಯೇ ಇರುತ್ತದೆ. ಇವರಿಗೆ ಉಪ್ಪು ಕೊಡುವುದು ಊತವನ್ನು ಹೆಚ್ಚಿಸುವುದಷ್ಟೇ. ಬೇಕಾದದ್ದು ಉಪ್ಪಿನ ಮಿತಿ, ನೀರಿನ ಮಿತಿ ಮತ್ತು ಮೂಲ ಕಾಯಿಲೆಗೆ ಚಿಕಿತ್ಸೆ.

ವರದಿಯನ್ನು ಓದುವ ಅನುಕ್ರಮ

ಮೊದಲು ಅದೇ ವರದಿಯಲ್ಲಿರುವ ಸಕ್ಕರೆಯ ಅಂಕಿಯನ್ನು ನೋಡಿರಿ. ರಕ್ತದಲ್ಲಿ ಸಕ್ಕರೆ ವಿಪರೀತ ಏರಿದಾಗ ಅದು ಜೀವಕೋಶಗಳೊಳಗಿನ ನೀರನ್ನು ಹೊರಗೆಳೆದು ರಕ್ತವನ್ನು ತೆಳುಮಾಡುತ್ತದೆ. 100ರ ಮೇಲಿನ ಪ್ರತಿ 100 ಮಿಲಿಗ್ರಾಂ ಸಕ್ಕರೆಗೆ ಸೋಡಿಯಂ ಅಂಕಿಗೆ ಸುಮಾರು 1.6 ಸೇರಿಸುವುದು ರೂಢಿ. ಸಕ್ಕರೆ 500, ಸೋಡಿಯಂ 130 ಇದ್ದರೆ, ನಾಲ್ಕು ಸಲ 1.6 ಸೇರಿಸಿದಾಗ 136ರ ಮೇಲಾಗುತ್ತದೆ. ಅಲ್ಲಿ ತೊಂದರೆ ಇರುವುದು ಸಕ್ಕರೆಯಲ್ಲಿ.

ಎರಡನೆಯದಾಗಿ ರಕ್ತದ ಒಟ್ಟು ಸಾಂದ್ರತೆಯನ್ನು ಅಂದಾಜು ಮಾಡಬಹುದು. ಸೋಡಿಯಂ ಅಂಕಿಯನ್ನು ಎರಡರಿಂದ ಗುಣಿಸಿ, ಅದಕ್ಕೆ ಸಕ್ಕರೆಯನ್ನು 18ರಿಂದ ಭಾಗಿಸಿದ್ದನ್ನೂ ಯೂರಿಯಾವನ್ನು 6ರಿಂದ ಭಾಗಿಸಿದ್ದನ್ನೂ ಕೂಡಿಸಬೇಕು. ನಮ್ಮ ಪ್ರಯೋಗಾಲಯಗಳು ಹೆಚ್ಚಾಗಿ 'ಬ್ಲಡ್ ಯೂರಿಯಾ' ಎಂದೇ ವರದಿ ಕೊಡುವುದರಿಂದ 6ರಿಂದ ಭಾಗಿಸುವುದು ಸರಿ. 'ಬಿಯುಎನ್' (ಯೂರಿಯಾದಲ್ಲಿರುವ ಸಾರಜನಕದ ಅಳತೆ) ಎಂದು ಬರೆದಿದ್ದರೆ 2.8ರಿಂದ ಭಾಗಿಸಬೇಕು. ಸೋಡಿಯಂ 126, ಸಕ್ಕರೆ 108, ಯೂರಿಯಾ 36 ಇರುವವರಿಗೆ 252, 6, 6 ಸೇರಿ 264 ಬರುತ್ತದೆ. ಸಹಜ ಮಟ್ಟ 275ರಿಂದ 295. ರಕ್ತ ನಿಜಕ್ಕೂ ತೆಳುವಾಗಿದೆ ಎಂದರ್ಥ.

ಮೂರನೆಯದಾಗಿ ವರದಿಯನ್ನು ಬದಿಗಿಟ್ಟು ರೋಗಿಯನ್ನು ನೋಡಿರಿ. ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಕಣಕಾಲಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಕೆಲವು ಕ್ಷಣ ಒತ್ತಿ ಹಿಡಿದು ಬಿಟ್ಟಾಗ ಕುಳಿ ಬಿದ್ದು ಉಳಿಯುತ್ತದೆಯೇ? ಹಾಸಿಗೆಯಲ್ಲೇ ಇರುವವರಾದರೆ ಊತವನ್ನು ಸೊಂಟದ ಹಿಂಭಾಗದಲ್ಲಿ ಹುಡುಕಬೇಕು, ನೀರು ಇಳಿಯುವುದು ಅಲ್ಲಿಗೆ. ಮಲಗಿದರೆ ಉಸಿರು ಕಟ್ಟುತ್ತದೆಯೇ? ಅಥವಾ ಇದಕ್ಕೆ ವಿರುದ್ಧವಾಗಿ, ಬಾಯಿ ಒಣಗಿ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು, ರಕ್ತದೊತ್ತಡ ಇಳಿಯುತ್ತದೆಯೇ? ಊತವಿದ್ದರೆ ಉಪ್ಪೂ ನೀರೂ ಎರಡೂ ಹೆಚ್ಚಾಗಿವೆ; ಒಣಗಿದ್ದರೆ ಎರಡೂ ಕಡಿಮೆಯಾಗಿವೆ, ಅದರಲ್ಲಿ ಉಪ್ಪು ಹೆಚ್ಚು ಕಳೆದುಹೋಗಿದೆ; ಎರಡೂ ಇಲ್ಲದಿದ್ದರೆ ಉಪ್ಪು ಸರಿಯಾಗಿದ್ದು ನೀರು ಮಾತ್ರ ಹೆಚ್ಚಾಗಿದೆ. ಕೊನೆಯ ಗುಂಪಿನಲ್ಲಿ ಹೆಚ್ಚಾಗಿ ವ್ಯಾಸೊಪ್ರೆಸಿನ್ ದೇಹಕ್ಕೆ ಬೇಡದಿದ್ದರೂ ಸ್ರವಿಸುತ್ತಿರುತ್ತದೆ: ನ್ಯುಮೋನಿಯಾ, ಕ್ಷಯ, ಮೆದುಳಿನ ತೊಂದರೆ, ಕೆಲವು ಕ್ಯಾನ್ಸರ್‌ಗಳು, ಶಸ್ತ್ರಚಿಕಿತ್ಸೆಯ ನಂತರದ ನೋವು ಮತ್ತು ವಾಕರಿಕೆ ಅದಕ್ಕೆ ಕಾರಣವಾಗಬಲ್ಲವು. ಥೈರಾಯ್ಡ್ ಮತ್ತು ಅಡ್ರಿನಲ್ ಗ್ರಂಥಿಯ ಪರೀಕ್ಷೆಯನ್ನು ವೈದ್ಯರು ಕೇಳುವುದು ಇಂಥ ಸಂದರ್ಭದಲ್ಲಿ.

ನಾಲ್ಕನೆಯದು ಮೂತ್ರಪರೀಕ್ಷೆ. ಮೂತ್ರದ ಸಾಂದ್ರತೆ 100ಕ್ಕಿಂತ ಕಡಿಮೆಯಿದ್ದರೆ ಮೂತ್ರಪಿಂಡ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ, ಕುಡಿದ ನೀರು ಅತಿಯಾಗಿದೆ ಅಥವಾ ಊಟ ತೀರಾ ಕಡಿಮೆಯಾಗಿದೆ. ಅದಕ್ಕಿಂತ ಹೆಚ್ಚಿದ್ದರೆ ವ್ಯಾಸೊಪ್ರೆಸಿನ್ ನೀರನ್ನು ಹಿಡಿಯುತ್ತಿದೆ. ಮೂತ್ರದ ಸೋಡಿಯಂ 30ಕ್ಕಿಂತ ಕಡಿಮೆಯಿದ್ದರೆ ಮೂತ್ರಪಿಂಡಕ್ಕೆ ರಕ್ತದ ಕೊರತೆಯ ಭಾವನೆ ಇದೆ. ವಾಂತಿ ಭೇದಿ ಆದವರಲ್ಲೂ ಹೃದಯ ಸೋತವರಲ್ಲೂ ಹೀಗೆಯೇ ಕಾಣುವುದರಿಂದ ಊತದ ಪರಿಶೀಲನೆಯನ್ನು ಮೊದಲೇ ಮಾಡಿರಬೇಕು. 30ಕ್ಕಿಂತ ಹೆಚ್ಚಿದ್ದರೆ ಮೂತ್ರವರ್ಧಕ ಮಾತ್ರೆ, ಅಕಾರಣ ವ್ಯಾಸೊಪ್ರೆಸಿನ್ ಅಥವಾ ಅಡ್ರಿನಲ್ ದೌರ್ಬಲ್ಯದ ಕಡೆಗೆ ಬೆರಳು ತೋರುತ್ತದೆ. ಮೂತ್ರದ ಮಾದರಿಯನ್ನು ಡ್ರಿಪ್ ಹಾಕುವ ಮೊದಲೇ ಕೊಡುವುದು ಒಳ್ಳೆಯದು, ಏಕೆಂದರೆ ಸಲೈನ್ ಹೋದ ಮೇಲೆ ಈ ಅಂಕಿಗಳು ಬದಲಾಗಿಬಿಡುತ್ತವೆ.

ಕೊನೆಯದಾಗಿ, ಆದರೆ ಅನೇಕ ಸಲ ಉತ್ತರ ಸಿಗುವುದೇ ಇಲ್ಲಿ, ಮಾತ್ರೆಗಳ ಡಬ್ಬಿಯನ್ನು ತೆರೆಯಬೇಕು. ಥಯಾಜೈಡ್ ಗುಂಪಿನ ರಕ್ತದೊತ್ತಡದ ಮಾತ್ರೆಗಳು ಅನೇಕ ಸಲ ಬೇರೆ ಔಷಧಿಯೊಂದಿಗೆ ಒಂದೇ ಮಾತ್ರೆಯಲ್ಲಿ ಬೆರೆತಿರುತ್ತವೆ. ಹೆಸರಿನ ಕೊನೆಯಲ್ಲಿ 'ಎಚ್' ಅಥವಾ 'ಸಿಟಿ' ಎಂದಿದ್ದರೆ ಪಟ್ಟಿಯ ಹಿಂಬದಿಯ ಸಣ್ಣಕ್ಷರಗಳನ್ನು ಓದಿ ನೋಡಬೇಕು. ಖಿನ್ನತೆಗೆ ಕೊಡುವ ಎಸ್ಸಿಟಲೊಪ್ರಾಮ್, ಸರ್ಟ್ರಲಿನ್, ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್ ಕೂಡ ಸೋಡಿಯಂ ಇಳಿಸಬಲ್ಲವು. ಇವುಗಳನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು. ಅಪಸ್ಮಾರದ ಮಾತ್ರೆಯನ್ನು ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಎಲ್ಲ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಮುಂದಿಡಿರಿ.

ಸೋಡಿಯಂ 145ರ ಮೇಲೆ ಏರಿದ್ದರೆ ಓದುವುದು ಸರಳ: ನೀರಿನ ಕೊರತೆ. ಬಾಯಾರಿಕೆ ಇರುವವರೆಗೆ, ನೀರು ಕೈಗೆಟಕುವವರೆಗೆ ಈ ಸ್ಥಿತಿ ಸುಲಭದಲ್ಲಿ ಬರುವುದಿಲ್ಲ. ಹಾಗಾಗಿ ಇದು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರಲ್ಲಿ, ಮರೆವಿನ ಕಾಯಿಲೆ ಇರುವವರಲ್ಲಿ, ಜ್ವರ ಬಂದ ವೃದ್ಧರಲ್ಲಿ ಕಾಣುತ್ತದೆ. ಅವರಿಗೆ ಗಂಟೆಗಂಟೆಗೆ ನೀರು ಕುಡಿಸುವ ಹೊಣೆಯನ್ನು ಮನೆಯಲ್ಲಿ ಒಬ್ಬರು ಹೊರಬೇಕು. ಜೊತೆಗೆ ದಿನಕ್ಕೆ ಮೂರು ಲೀಟರಿಗೂ ಹೆಚ್ಚು ತೆಳು ಮೂತ್ರ ಹೋಗುತ್ತಿದ್ದರೆ ವ್ಯಾಸೊಪ್ರೆಸಿನ್‌ನ ಕೊರತೆಯನ್ನೋ, ಲಿಥಿಯಂ ಮಾತ್ರೆಯಿಂದ ಮೂತ್ರಪಿಂಡ ಅದಕ್ಕೆ ಓಗೊಡದಿರುವುದನ್ನೋ ವೈದ್ಯರು ಸಂಶಯಿಸುತ್ತಾರೆ.

ಮನೆಯಲ್ಲಿ ಅಳೆಯಬೇಕಾದವು

ಊತ ಬರುವ ಕಾಯಿಲೆಯವರಿಗೆ ತೂಕದ ಯಂತ್ರದಷ್ಟು ಉಪಯುಕ್ತ ಸಾಧನ ಬೇರೊಂದಿಲ್ಲ. ಬೆಳಿಗ್ಗೆ ಎದ್ದು, ಮೂತ್ರ ಮಾಡಿ, ತಿಂಡಿಗೆ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ, ಒಂದೇ ಯಂತ್ರದ ಮೇಲೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನಗಳಲ್ಲಿ 2 ಕಿಲೋಗ್ರಾಂಗಿಂತ ಹೆಚ್ಚು ಏರಿದರೆ ಅದು ಕೊಬ್ಬಲ್ಲ, ನೀರು. ಊತ ಕಣ್ಣಿಗೆ ಕಾಣುವ ಮೊದಲೇ ವೈದ್ಯರಿಗೆ ತಿಳಿಸಬಹುದು. ಕಾಲಿನಲ್ಲಿ ಕುಳಿ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ಎರಡು ಮೂರು ಲೀಟರ್ ಸೇರಿಯಾಗಿರುತ್ತದೆ.

ಉಪ್ಪಿನ ಅಳತೆಗೆ ಚಮಚಕ್ಕಿಂತ ಪ್ಯಾಕೆಟ್ಟು ಮೇಲು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ನಾಲ್ವರು ವಯಸ್ಕರ ಮನೆಗೆ ದಿನಕ್ಕೆ 20 ಗ್ರಾಂ, ಅಂದರೆ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಒಡೆದ ದಿನಾಂಕವನ್ನು ಪ್ಯಾಕೆಟ್ಟಿನ ಮೇಲೆ ಬರೆದಿಟ್ಟರೆ ಮನೆಯ ಲೆಕ್ಕ ತಾನಾಗಿಯೇ ತಿಳಿಯುತ್ತದೆ. ಹೊರಗಿನ ತಿಂಡಿ, ಅಂಗಡಿಯ ಹಪ್ಪಳ, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಕರಾವಳಿಯವರಾದರೆ ಒಣಮೀನು ಇದರ ಮೇಲಿನ ಹೆಚ್ಚುವರಿ. ಅಂಗಡಿಯ ಪೊಟ್ಟಣಗಳ ಮೇಲೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ, 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ ಆದ್ದರಿಂದ ಅದಕ್ಕೆ ರಿಯಾಯಿತಿ ಇಲ್ಲ.

ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಮಾರುವ ಪೊಟ್ಟಣಗಳಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಸಾಮಾನ್ಯ ವಯಸ್ಕರಿಗೆ ಇಂಥ ಉಪ್ಪನ್ನು ಸೂಚಿಸಿದರೂ, ಮೂತ್ರಪಿಂಡ ದುರ್ಬಲವಾದವರನ್ನು ಆ ಸೂಚನೆಯಿಂದ ಹೊರಗಿಟ್ಟಿದೆ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳದೆ ಬಳಸಬಾರದು, ಏಕೆಂದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರಿನ ವಿಷಯದಲ್ಲೂ ಇದೇ ಎಚ್ಚರ ಬೇಕು: ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಸೋಡಿಯಂ ಇಳಿದಿದೆಯೆಂದು ಎಳನೀರು ಕುಡಿಸುವುದರಿಂದ ಉದ್ದೇಶ ಈಡೇರುವುದಿಲ್ಲ.

ವಾಂತಿ ಭೇದಿಯಾದಾಗ ಅಥವಾ ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಇಡೀ ದಿನ ದುಡಿದು ಬೆವರಿದಾಗ ಬರೀ ನೀರನ್ನೇ ಕುಡಿಯುತ್ತ ಹೋದರೆ ಕಳೆದ ಉಪ್ಪು ಮರಳುವುದಿಲ್ಲ, ಹಿಡಿದಿಟ್ಟ ನೀರು ರಕ್ತವನ್ನು ತೆಳುಮಾಡುತ್ತದೆ. ಬೆವರಿಗೆ ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಸಾಕಾಗಬಹುದು. ಭೇದಿಗೆ ಓಆರ್‌ಎಸ್ ಬೇಕು. 2002ರಿಂದ ಬಳಕೆಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್ ಇರುತ್ತದೆ. ಕರುಳು ಇವೆರಡನ್ನೂ ಜೋಡಿಯಾಗಿ ಒಳಗೆಳೆದುಕೊಳ್ಳುವಾಗ ನೀರೂ ಅವುಗಳ ಹಿಂದೆ ಬರುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟೇ ನೀರಿನಲ್ಲಿ ಪೂರ್ತಿ ಕರಗಿಸಬೇಕು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಅದು ಔಷಧಿಯಾಗದೆ ಅಪಾಯವಾಗುತ್ತದೆ. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಕೂರುವ ಸಿಹಿ ಪಾನೀಯದ ಡಬ್ಬಿಗಳು ಅದಕ್ಕೆ ಸಮನಲ್ಲ.

ನೋವಿನ ಮಾತ್ರೆಗಳ ಬಗ್ಗೆ ಒಂದು ಮಾತು. ಡೈಕ್ಲೋಫಿನಾಕ್, ಐಬುಪ್ರೊಫೇನ್ ಮೊದಲಾದವು ಮೂತ್ರಪಿಂಡಕ್ಕೆ ಬರುವ ರಕ್ತವನ್ನು ತಗ್ಗಿಸಿ ಉಪ್ಪನ್ನೂ ನೀರನ್ನೂ ಹಿಡಿಸುತ್ತವೆ. ನೀರು ಹೋಗುವ ಮಾತ್ರೆ ಮತ್ತು ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಜೊತೆಗೆ ಇವನ್ನೂ ನುಂಗಿದರೆ ಮೂತ್ರಪಿಂಡ ಹಠಾತ್ತನೆ ಸೋಲಬಹುದು. ಮಂಡಿನೋವಿಗೆಂದು ಅಂಗಡಿಯಿಂದ ನೇರವಾಗಿ ಕೊಳ್ಳುವ ಅಭ್ಯಾಸ ಇಂಥವರಿಗೆ ಬೇಡ.

ಆಸ್ಪತ್ರೆಗೆ ಹೋಗುವ ಹೊತ್ತು

ಸೋಡಿಯಂ ಇಳಿದವರಲ್ಲಿ ಮಾತು ತೊದಲುವುದು, ಯಾರೆಂದು ಗುರುತು ಸಿಗದಿರುವುದು, ಅತಿಯಾದ ನಿದ್ದೆ, ನಿಲ್ಲದ ವಾಂತಿ, ಫಿಟ್ಸ್ ಕಂಡರೆ ಅಂಕಿ ಎಷ್ಟೇ ಇರಲಿ ತಕ್ಷಣ ಆಸ್ಪತ್ರೆ ಸೇರಬೇಕು. ಯಾವ ಲಕ್ಷಣವೂ ಇಲ್ಲದಿದ್ದರೂ 125ಕ್ಕಿಂತ ಕೆಳಗಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. ರಕ್ತ ತೆಳುವಾದಾಗ ನೀರು ಮೆದುಳಿನ ಜೀವಕೋಶಗಳ ಒಳನುಗ್ಗಿ ಅವು ಊದಿಕೊಳ್ಳುತ್ತವೆ, ಗಟ್ಟಿ ತಲೆಬುರುಡೆಯೊಳಗೆ ಊದಲು ಜಾಗವಿಲ್ಲ. ಇಂಥ ತುರ್ತಿನಲ್ಲಿ ಶೇಕಡಾ 3ರ ಗಾಢ ಸಲೈನನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಸುಸ್ತಿಗೆಂದು ಹಾಕಿಸಿಕೊಳ್ಳುವ ಶೇಕಡಾ 5ರ ಡೆಕ್ಸ್‌ಟ್ರೋಸ್ ಬಾಟಲಿಯಾದರೋ, ಅದರ ಸಕ್ಕರೆ ಉರಿದುಹೋದ ಮೇಲೆ ಬರೀ ನೀರಾಗಿ ಉಳಿದು ಸೋಡಿಯಂ ಅನ್ನು ಇನ್ನಷ್ಟು ಇಳಿಸುತ್ತದೆ. ವರದಿ ಕೈಯಲ್ಲಿದ್ದರೆ ಡ್ರಿಪ್ ಹಾಕುವವರಿಗೆ ಮೊದಲೇ ತೋರಿಸಬೇಕು.

ಆಸ್ಪತ್ರೆಯಲ್ಲಿ 112 ಇದ್ದದ್ದು ಮರುದಿನ 119 ಮಾತ್ರ ಆಯಿತೆಂದು ಬೇಸರಪಡಬೇಕಿಲ್ಲ. ಎರಡು ದಿನಗಳಿಗಿಂತ ಹೆಚ್ಚು ಕಾಲ ಸೋಡಿಯಂ ಇಳಿದಿದ್ದರೆ ಮೆದುಳಿನ ಜೀವಕೋಶಗಳು ತಮ್ಮೊಳಗಿನ ಕರಗಿದ ವಸ್ತುಗಳನ್ನು ಹೊರಹಾಕಿ ಹೊಂದಿಕೊಂಡಿರುತ್ತವೆ. ಆಗ ವೇಗವಾಗಿ ಏರಿಸಿದರೆ ಅವು ಕುಗ್ಗಿ, ನರತಂತುಗಳ ಹೊದಿಕೆ ಹಾಳಾಗಿ, ಕೈಕಾಲು ಮತ್ತು ಮಾತು ಬಿದ್ದುಹೋಗುವ ಸ್ಥಿತಿ ಕೆಲವು ದಿನಗಳ ಬಳಿಕ ಬರಬಹುದು. ಆದ್ದರಿಂದ 24 ಗಂಟೆಯಲ್ಲಿ 8ರಿಂದ 10ಕ್ಕಿಂತ ಹೆಚ್ಚು ಏರದಂತೆ ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತಾರೆ. ಮನೆಗೆ ಮರಳುವಾಗ ಮೂರು ವಿಷಯಗಳನ್ನು ಬರೆಸಿಕೊಂಡು ಬರಬೇಕು: ದಿನಕ್ಕೆ ಒಟ್ಟು ಎಷ್ಟು ದ್ರವ ಕುಡಿಯಬಹುದು (ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ), ಉಪ್ಪು ಎಷ್ಟು, ಮುಂದಿನ ರಕ್ತಪರೀಕ್ಷೆ ಯಾವ ದಿನ. ಥಯಾಜೈಡ್ ಮಾತ್ರೆಯಿಂದಲೇ ಸೋಡಿಯಂ ಇಳಿದಿತ್ತೆಂದು ವೈದ್ಯರು ಹೇಳಿದ್ದರೆ, ಆ ಮಾತ್ರೆಯ ಹೆಸರನ್ನು ರೋಗಿಯ ಕಡತದ ಮೊದಲ ಪುಟದಲ್ಲಿ ಕೆಂಪಕ್ಷರದಲ್ಲಿ ಬರೆದಿಡಿರಿ. ಬೇರೆ ಊರಿನಲ್ಲಿ ಬೇರೊಬ್ಬ ವೈದ್ಯರು ರಕ್ತದೊತ್ತಡಕ್ಕೆ ಅದನ್ನೇ ಇನ್ನೊಂದು ಹೆಸರಿನಲ್ಲಿ ಬರೆಯುವ ಸಂಭವ ಉಂಟು.